ಪಿಸ್ತೂಲಿನ ಸಪೂರ ಹಿಡಿ

“ಈ ಹಿಡಿ ಕಂಪೆನಿಯದ್ದಲ್ಲ ಹಮೀದಾಕ, ಆಮೇಲೆ ಹಾಕಿಸಿದ್ದು. ಅರ್ಧ ಬೆಲೆ ಖಲಾಸ್.”

ನಾನು ಮ್ಯಾನೇಜರಿಗೆ ಹೀಗೆ ಹೇಳುವಾಗ, ಆ ಹಳೆಯ ಪಿಸ್ತೂಲನ್ನು ಮಾರಲು ತಂದಿದ್ದ ಕುವೈತಿ ವೃದ್ಧರು ಎದುರಿಗೇ ಕೂತಿದ್ದರು. ಕುವೈತಿನ ಶುವೈಖ್‌ನ ಬಂದೂಕಿನ ಅಂಗಡಿಯಲ್ಲಿ ಹಳೆಯ ಆಯುಧಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಕಂಪೆನಿಯ ಹಿಡಿ ಮನೆಯಲ್ಲಿದ್ದರೆ ತನ್ನಿ, ಬೆಲೆ ಏರುತ್ತದೆ ಎಂದು ಅವರಿಗೆ ಅರಬಿಯಲ್ಲಿ ಹೇಳಿದೆ. ಈ ಮರದ ಹಿಡಿಯೋ ತೀರಾ ಸಪೂರ, ನನ್ನ ಮುಷ್ಟಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಯಾವ ಬಡಗಿ ಕೆಡಿಸಿದ್ದು ಎಂದೂ ಕೇಳಿಬಿಟ್ಟೆ.

“ನಾನೇ ಕೆತ್ತಿದ್ದು, ಮಗಳ ಕೈಗೆ. ಅವಳಿಗಾಗ ಹನ್ನೊಂದು ವರ್ಷ” ಎಂದರು. “ತೊಂಬತ್ತರ ಯುದ್ಧ, ಇರಾಕಿ ಸೈನಿಕರು ಮನೆಮನೆಗೆ ನುಗ್ಗುತ್ತಿದ್ದರು. ನಮ್ಮ ಬಾಗಿಲು ಮುರಿದರೆ ಏನು ಮಾಡಬೇಕೆಂದು ಹೇಳಿಕೊಟ್ಟು, ಒಂದೇ ಗುಂಡು ಹಾಕಿ ಕೊಟ್ಟಿದ್ದೆ. ಆ ಗುಂಡು ಅವರಿಗಲ್ಲ, ಅವಳಿಗೇ.”

ಹಮೀದಾಕ ಪಿಸ್ತೂಲನ್ನು ಅವರ ಮುಂದಕ್ಕೆ ಸರಿಸಿದರು. ವೃದ್ಧರು ಅದನ್ನು ಮತ್ತೆ ನಮ್ಮ ಕಡೆಗೇ ತಳ್ಳಿದರು. “ಬಾಗಿಲು ಯಾರೂ ಮುರಿಯಲಿಲ್ಲ. ಆದರೆ ಅವಳು ಇವತ್ತಿಗೂ ನಾನಿರುವ ಕೋಣೆಯಲ್ಲಿ ಕೂರುವುದಿಲ್ಲ.”

ಆ ವರ್ಷ ರಜೆಯಲ್ಲಿ ಊರಿಗೆ ಬಂದಾಗ ನನ್ನ ಮಗಳು ಓಡಿಬಂದು ಕೈ ಹಿಡಿದಳು. ಅವಳ ಬೆರಳುಗಳನ್ನು ನೋಡಿದೆ. ಆ ಹಿಡಿ ಅವಳಿಗೆ ಸರಿಯಾಗಿ ಆಗುತ್ತಿತ್ತು.