ದಿಬ್ಬೂರಹಳ್ಳಿಯ ಚಿರತೆ ಮತ್ತು ಓಟದ ಹುಡುಗಿಯರು

ಮಂಡ್ಯದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಎರಡು ಚೂಡಿದಾರ, ಒಂದು ಜೊತೆ ಕ್ಯಾನ್ವಾಸ್ ಶೂ ಇದ್ದವು. ಶೂ ನೋಡಿ ನನ್ನ ಗಂಡ, "ಚಿರತೆ ಇರೋ ಊರಿಗೆ ಓಡೋಕೆ ಹೋಗ್ತಾ ಇದೀಯಲ್ಲ" ಎಂದು ಒಂದೇ ಮಾತು ಹೇಳಿ, ಬಸ್‌ಸ್ಟ್ಯಾಂಡಿನವರೆಗೂ ಸುಮ್ಮನೆ ಸ್ಕೂಟರ್ ಓಡಿಸಿದರು.

ಕರೆದವಳು ಸುಜಾತಾ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ರಿಲೇ ತಂಡದಲ್ಲಿ ಓಡಿದವರು. ಆಮೇಲೆ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತೆ, ಅವಳು ದಿಬ್ಬೂರಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದಳು. ತಾಲ್ಲೂಕು ಕ್ರೀಡಾಕೂಟ ಹತ್ತಿರವಿರುವಾಗ ಫೋನ್ ಮಾಡಿದ್ದಳು. "ಬೆಟ್ಟದಲ್ಲಿ ಚಿರತೆ ಕಾಣಿಸ್ಕೊಂಡಿದೆ ಅಂತ ನನ್ನ ಹುಡುಗೀರ ಓಟ ನಿಲ್ಸಿಬಿಟ್ಟಿದಾರೆ ಕಣೇ. ಹುಡುಗರು ಮಾತ್ರ ಕತ್ತಲಾಗೋವರ್ಗೂ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡ್ತಾರೆ. ಚಿರತೆ ಅವರನ್ನ ಏನೂ ಮಾಡಲ್ವಂತೆ. ನೀನು ರಜೆ ಹಾಕಿ ಬಾ. ಒಬ್ಳೇ ವಾದ ಮಾಡಿ ಮಾಡಿ ಗಂಟ್ಲು ಕಟ್ಟಿದೆ."

ಬೆಂಗಳೂರು ದಾಟಿದ ಮೇಲೆ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿತ್ತು. ಲಾರಿಗಳ ಕೆಂಪು ಧೂಳು ಕಿಟಕಿಯಿಂದ ಒಳಗೆ ಬಂದು ಮಡಿಲಲ್ಲಿ ಕೂತಿತು. ನಂದಿ ಬೆಟ್ಟದ ನೆತ್ತಿ ಮೋಡದಲ್ಲಿ ಮುಚ್ಚಿಹೋಗಿತ್ತು. ಚಿಕ್ಕಬಳ್ಳಾಪುರದಲ್ಲಿ ಇಳಿದು ಬಿಸಿ ಬೋಂಡ ತಿಂದು, ಶಿಡ್ಲಘಟ್ಟದ ಬಸ್ಸು ಹಿಡಿದೆ. ಶಿಡ್ಲಘಟ್ಟ ಬಂತೆಂದು ಬೋರ್ಡು ಓದಬೇಕಾಗಿಲ್ಲ. ರೇಷ್ಮೆಗೂಡು ಬೇಯಿಸುವ ವಾಸನೆ ಊರಿಗಿಂತ ಮೊದಲೇ ಎದುರಾಗುತ್ತದೆ.

ಅಲ್ಲಿಂದ ದಿಬ್ಬೂರಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಗೂಡು ಮಾರಿ ಖಾಲಿ ಚೀಲ ಮಡಚಿಕೊಂಡು ಹೊರಟಿದ್ದ ರೈತರೊಬ್ಬರು. ನಾನು ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿದು, "ಸಂಜೆ ಮೇಲೆ ಆಚೆ ಬರ್ಬೇಡಿ ಅಮ್ಮ. ಮೊನ್ನೆ ಮೇಕೆ ಹೊತ್ಕೊಂಡು ಹೋಯ್ತು" ಎಂದರು.

"ನೀವು ತೋಟಕ್ಕೆ ಹೋಗೋದು ಬಿಟ್ರಾ?" ಎಂದು ಕೇಳಿದೆ.

"ಬಿಟ್ರೆ ಹೊಟ್ಟೆಗೇನಮ್ಮ?"

"ಮತ್ತೆ ಹುಡುಗೀರ ಓಟ ಯಾಕೆ ನಿಲ್ಸಿದ್ರಿ?"

"ಅವ್ರು ಓಡ್ಲಿಲ್ಲ ಅಂದ್ರೆ ಏನು ನಷ್ಟ?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಉಳಿದ ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳನ್ನು ನೋಡುತ್ತಾ ಕೂತೆ.

ಸುಜಾತಾಳ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗಿನ ಮೊಳೆಗೆ ಅವಳ ಹಳೆಯ ಪದಕಗಳು. ಮುದ್ದೆ, ಹುರಳಿಕಾಳಿನ ಸಾರು ಉಂಡು ಎದ್ದೆವು. ಸಂಜೆ ಶಾಲೆಯ ಜಗಲಿಯ ಮೇಲೆ ಅಪ್ಪ ಅಮ್ಮಂದಿರ ಸಭೆ. ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದವಳು ಲಕ್ಷ್ಮಮ್ಮ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುವ ಸುನಂದಾ ಅವಳ ಒಬ್ಬಳೇ ಮಗಳು.

"ಹೆಚ್ಚುಕಮ್ಮಿ ಆದ್ರೆ ನಿಮ್ಗೆ ಗೆಲ್ಲೋ ಒಂದು ಕಪ್ ಹೋಗುತ್ತೆ ಮೇಡಮ್ಮ. ನಮ್ಗೆ ಮಗಳು ಹೋಗ್ತಾಳೆ" ಎಂದಳು.

ಸುಜಾತಾ ಅವಳ ಕಡೆ ತಿರುಗಿ, "ಓಟ ಬಿಡ್ಸಿದ ಮೇಲೆ ಸುನಂದಾ ಮನೇಲೇ ಇದಾಳಾ ಲಕ್ಷ್ಮಮ್ಮ?" ಎಂದು ಕೇಳಿದಳು. "ಬೆಳಕು ಹರಿಯೋಕೆ ಮುಂಚೆ ಬೆಟ್ಟದ ಪಕ್ಕದ ತೋಟಕ್ಕೆ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯೋಕೆ ಕಳಿಸ್ತೀಯ. ಒಬ್ಳನ್ನೇ. ಬಗ್ಗಿ ಕೊಯ್ತಾಳೆ. ಬಗ್ಗಿದೋರು ಚಿರತೆ ಕಣ್ಣಿಗೆ ಮೇಕೆ ಥರ ಕಾಣ್ತಾರೆ ಅಂತ ಫಾರೆಸ್ಟ್ ಗಾರ್ಡ್ ಬಂದಾಗ ಹೇಳ್ಲಿಲ್ವಾ? ಹೊತ್ತು ಮೂಡಿದ ಮೇಲೆ, ಗುಂಪಾಗಿ, ಸದ್ದು ಮಾಡ್ಕೊಂಡು ಹೋಗೋರ ತಂಟೆಗೆ ಅದು ಸಾಮಾನ್ಯವಾಗಿ ಬರಲ್ಲ ಅಂತಾನೂ ಹೇಳಿದ್ರು. ನೀವು ಅಪಾಯ ಇರೋ ಕೆಲಸ ಇಟ್ಕೊಂಡು, ಓಟ ಬಿಡ್ಸಿದೀರಿ."

ಲಕ್ಷ್ಮಮ್ಮನ ಮುಖ ಕೆಂಪಾಯಿತು. ಕೊನೆಗೆ ಆದ ಒಪ್ಪಂದ ಇಷ್ಟು: ಮರುದಿನ ಹೊತ್ತು ಮೂಡಿದ ಮೇಲೆ ನಾನೂ ಸುಜಾತಾಳೂ ಹುಡುಗಿಯರು ಓಡುವ ದಾರಿಯನ್ನು ನಡೆದು ನೋಡಿ ಬರುವುದು. "ನಾನೂ ಬರ್ತೀನಿ" ಎಂದಳು ಲಕ್ಷ್ಮಮ್ಮ. "ಬಂದು ನೋಡಿ, ಆಗಲ್ಲ ಅಂತ ನಾನೇ ಹೇಳ್ತೀನಿ."

ಬೆಳಿಗ್ಗೆ ತುಂತುರು ನಿಂತು ಬಿಸಿಲು ಬಂದಿತ್ತು. ಲಕ್ಷ್ಮಮ್ಮ ಉದ್ದನೆಯ ಕೋಲು ಹಿಡಿದು ಮುಂದೆ ನಡೆದಳು. ರಾಗಿ ಹೊಲ ದಾಟಿದ ಮೇಲೆ ದಾರಿ ಬೆಟ್ಟದ ಬುಡಕ್ಕೆ ತಿರುಗಿ ಕಿರಿದಾಗುತ್ತದೆ, ಎರಡೂ ಕಡೆ ಲಂಟಾನ ಪೊದೆ. ನಾವು ಜೋರಾಗಿ ಮಾತಾಡಿಕೊಂಡೇ ಹೋದೆವು. ತಿರುವಿನಲ್ಲಿ ಲಕ್ಷ್ಮಮ್ಮ ಥಟ್ಟನೆ ನಿಂತಳು.

ಮುಂದಿನ ಬಂಡೆಯ ಮೇಲೆ ಚಿರತೆ ಮಲಗಿತ್ತು. ನಾನು ಎಣಿಸಿದ್ದಕ್ಕಿಂತ ಚಿಕ್ಕದು, ಎಣಿಸಿದ್ದಕ್ಕಿಂತ ಬಹಳ ಹತ್ತಿರ. ತಲೆ ಎತ್ತಿ ನಮ್ಮನ್ನು ನೋಡಿತು. ನನ್ನ ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು. ಓಡುವುದೊಂದೇ ಆ ಕಾಲಿಗೆ ಗೊತ್ತಿದ್ದ ವಿದ್ಯೆ. ಸುಜಾತಾ ನನ್ನ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದಳು.

"ಓಡ್ಬೇಡ. ಬಗ್ಬೇಡ. ಬೆನ್ನು ತೋರಿಸ್ಬೇಡ. ಕೈ ಮೇಲೆತ್ತು" ಎಂದಳು.

ನಾನು ದುಪಟ್ಟಾ ಬಿಚ್ಚಿ ಎರಡೂ ಕೈಯಿಂದ ತಲೆಯ ಮೇಲೆ ಹರಡಿ ಹಿಡಿದೆ. ಮೂವರೂ ಹೆಗಲಿಗೆ ಹೆಗಲು ತಾಗಿಸಿ ನಿಂತೆವು. ಚಿರತೆ ಎದ್ದು ನಿಂತಿತು, ಬಾಲದ ತುದಿ ಆಡಿತು. ಕೂಗಬೇಕೆಂದು ಗೊತ್ತಿತ್ತು, ನನ್ನ ಬಾಯಿ ಒಣಗಿತ್ತು. ಆಗ ಲಕ್ಷ್ಮಮ್ಮ ಕೋಲಿನಿಂದ ನೆಲ ಬಡಿದು, ತೋಟಕ್ಕೆ ನುಗ್ಗಿದ ದನವನ್ನು ಬೈಯುವ ಹಾಗೆ ತನ್ನ ಮನೆಮಾತು ತೆಲುಗಿನಲ್ಲಿ ಶುರುಮಾಡಿದಳು. "ಪೋ! ಮಾ ದಾರಿಲೋ ನೀಕೇಂ ಪನಿ? ಪೋ!" ನಮ್ಮ ದಾರಿಯಲ್ಲಿ ನಿನಗೇನು ಕೆಲಸ ಎಂದು. ಅವಳ ದನಿ ಕೇಳಿ ನನಗೂ ದನಿ ಬಂತು. ಏನು ಕೂಗಿದೆನೋ ನೆನಪಿಲ್ಲ. ಸುಜಾತಾ ಶಾಲೆಯ ಸೀಟಿ ಊದಿದಳು.

ಅದು ನಮ್ಮನ್ನು ಇನ್ನೊಮ್ಮೆ ನೋಡಿ, ಅವಸರವೇನೂ ಇಲ್ಲದೆ ಬಂಡೆಯ ಹಿಂದೆ ಇಳಿದು, ಮೇಲಿನ ಪೊದೆಗಳೊಳಗೆ ಹೋಯಿತು. ನಾವು ಆ ಬಂಡೆಯ ಮೇಲಿಂದ ಕಣ್ಣು ತೆಗೆಯದೆ ಒಂದೊಂದೇ ಹೆಜ್ಜೆ ಹಿಂದಿಟ್ಟೆವು. ರಾಗಿ ಹೊಲ ಸಿಕ್ಕಿದ ಮೇಲೆ ಲಕ್ಷ್ಮಮ್ಮ ಬದುವಿನ ಮೇಲೆ ಕೂರಲು ಹೋದಳು. "ಇಲ್ಲಿ ಕೂರ್ಬೇಡ" ಎಂದು ನಾವಿಬ್ಬರೂ ಅವಳನ್ನು ರಟ್ಟೆ ಹಿಡಿದು ನಡೆಸಿದೆವು.

ನಮ್ಮ ಕೂಗು, ಸೀಟಿ ಹೊಲದವರಿಗೆ ಕೇಳಿ, ಸುದ್ದಿ ನಮಗಿಂತ ಮೊದಲು ಊರು ಸೇರಿತು. ಜಗಲಿಯ ಮುಂದೆ ಗಂಡಸರು ಗುಂಪಾಗಿದ್ದರು. "ನೋಡಿದ್ರಲ್ಲ, ಇನ್ನು ಈ ಓಟದ ಮಾತು ಎತ್ತಬೇಡಿ" ಎಂದರು ಒಬ್ಬ ಹಿರಿಯರು. ಸುಜಾತಾ ಬಾಯಿ ತೆರೆಯುವ ಮೊದಲೇ ಲಕ್ಷ್ಮಮ್ಮ ಮುಂದೆ ಬಂದಳು.

"ನೋಡಿದ್ದು ನಾನು. ನೀವಲ್ಲ. ಗಟ್ಟಿಯಾಗಿ ನಿಂತ್ವಿ, ಹೋಯ್ತು. ನನ್ ಮಗಳು ಓಡ್ತಾಳೆ. ಆ ಬೆಟ್ಟದ ದಾರಿ ಬೇಡ, ಅದು ಅದರ ಮನೆ. ಟಾರ್ ರೋಡ್‌ನಲ್ಲಿ ಓಡ್ತಾಳೆ. ಬಿಸಿಲು ಬಂದ ಮೇಲೆ, ಎಲ್ರೂ ಒಟ್ಟಿಗೆ. ನಾವು ತಾಯಂದ್ರು ಜೊತೇಲಿ ಹೋಗ್ತೀವಿ. ಕತ್ತಲಲ್ಲಿ ಸೊಪ್ಪಿಗೂ ಕಳಿಸಲ್ಲ ಇನ್ಮೇಲೆ." ಸ್ವಲ್ಪ ತಡೆದು, "ಕ್ರಿಕೆಟ್ ಆಡೋರೂ ಹೊತ್ತು ಮುಳುಗೋಕೆ ಮುಂಚೆ ಮನೆಗೆ ಬರ್ಲಿ. ಅವರೂ ಹೆತ್ತ ಮಕ್ಕಳೇ" ಎಂದಳು.

ಹಿರಿಯರು ಇನ್ನೂ ಏನೋ ಹೇಳುತ್ತಿದ್ದರು. ಹೆಂಗಸರು ಆಗಲೇ, ನಾಳೆ ಯಾರು ಹೋಗುವುದು, ನಾಡಿದ್ದು ಯಾರು ಎಂದು ಮಾತಾಡಿಕೊಳ್ಳಲು ಶುರುಮಾಡಿದ್ದರು.

ಮರುದಿನ ನಾನು ಹೊರಟೆ. ಬೀಳ್ಕೊಡಲು ಸುಜಾತಾ ಬರಲಿಲ್ಲ, ನಾನೇ ಬೇಡವೆಂದಿದ್ದೆ. ಬಸ್ಸು ಊರು ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಮುಂದೆ ರಸ್ತೆಯ ತುಂಬ ಹುಡುಗಿಯರು ಕಂಡರು. ಚಿಕ್ಕವರನ್ನು ನಡುವೆ ಹಾಕಿಕೊಂಡು ಓಡುತ್ತಿದ್ದರು, ಸುನಂದಾ ಎಲ್ಲರಿಗಿಂತ ಮುಂದೆ. ಅಂಚಿನಲ್ಲಿ ಲಕ್ಷ್ಮಮ್ಮ ಸೀರೆ ಎತ್ತಿ ಕಟ್ಟಿ, ಬೇರೊಬ್ಬಳ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಳು. ಡ್ರೈವರ್ ಹಾರ್ನ್ ಮಾಡಿದ. ಯಾರೂ ಸರಿಯಲಿಲ್ಲ. ಎಲ್ಲರಿಗಿಂತ ಹಿಂದೆ ಓಡುತ್ತಿದ್ದ ಸುಜಾತಾ ತಿರುಗಿಯೂ ನೋಡದೆ ಒಂದು ಕೈ ಹಿಂದಕ್ಕೆ ಚಾಚಿ, ನಿಲ್ಲು ಎಂಬಂತೆ ಅಂಗೈ ತೋರಿಸಿದಳು.

"ಇವ್ರಿಗೆ ಪಕ್ಕಕ್ಕೆ ಹೋಗೋಕೇನು?" ಎಂದ ಡ್ರೈವರ್.

"ಪಕ್ಕದಲ್ಲಿ ಪೊದೆ ಇದೆ. ಹೋಗಲ್ಲ ಅವ್ರು. ನೀವೇ ನಿಧಾನವಾಗಿ ಹೋಗಿ" ಎಂದೆ.

ಅವನು ಗೊಣಗುತ್ತಾ ಗೇರು ಇಳಿಸಿದ. ಮುಂದಿನ ಕೂಡುರಸ್ತೆಯವರೆಗೂ ಬಸ್ಸು ಹುಡುಗಿಯರ ಹಿಂದೆಯೇ ಬಂತು.