ಕ್ಯಾಪ್ಟನ್ ಪ್ರತಾಪ್ ಒಪ್ಪಿಕೊಂಡ ವಿಮಾನ

ವಿಶ್ವನಾಥ ನೋಡದೆ ಯಾವ ಕಾಗದಕ್ಕೂ ಸಹಿ ಹಾಕುವ ಆಸಾಮಿಯಲ್ಲ. ಮಗಳು ಪಾವನಾಳ ಪ್ರೋಗ್ರೆಸ್ ಕಾರ್ಡ್ ಬಂದರೆ ಅಂಕಗಳನ್ನೆಲ್ಲ ತಾನೇ ಕೂಡಿ ನೋಡುತ್ತಿದ್ದ. ಒಮ್ಮೆ ಅರ್ಧ ಅಂಕ ಹೆಚ್ಚಿಗೆ ಬಂದಿದೆ ಎಂದು ಕಾರ್ಡನ್ನು ಟೀಚರಿಗೆ ವಾಪಸು ಕಳಿಸಿದ. ಮಗಳು ಆ ವಾರವೆಲ್ಲ ಅವನೊಡನೆ ಮಾತು ಬಿಟ್ಟಳು. ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದ ಹೆಂಡತಿ ಜಯಲಕ್ಷ್ಮೀ ಕೇಳುತ್ತಿದ್ದಳು: "ಮದುವೆಗೆ ಮುಂಚೆ ನನ್ನನ್ನೂ ಹೀಗೇ ಸುತ್ತ ತಿರುಗಿ ನೋಡಿದ್ರೇನ್ರೀ?"

ಚನ್ನರಾಯಪಟ್ಟಣದ ಕಡೆಯವರು, ಈಗ ಮದರಾಸಿನಲ್ಲಿ. ಅಣ್ಣಾ ನಗರ್‌ನಲ್ಲಿ ಬಾಡಿಗೆ ಮನೆ. ವಿಶ್ವನಾಥ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ, ಮುಂಬಯಿಯ ಕಂಪನಿಯೊಂದರ ಸಣ್ಣ ಶಾಖೆಯಲ್ಲಿ ವಿಮಾನ ದುರಸ್ತಿಯ ಎಂಜಿನಿಯರ್. ಶಾಖೆಗಿದ್ದದ್ದು ನಾಲ್ಕು ಸೀಟಿನ ಒಂದೇ ಒಂದು ವಿಮಾನ. ಬೆಳಿಗ್ಗೆ ಅದನ್ನು ಪೂರ್ತಿ ಪರೀಕ್ಷಿಸಿ, ಲಾಗ್ ಪುಸ್ತಕದಲ್ಲಿ 'ಹಾರಾಟಕ್ಕೆ ಯೋಗ್ಯ' ಎಂದು ಬರೆದು ಅವನು ಸಹಿ ಹಾಕಬೇಕು. ಆಮೇಲೆ ಪೈಲಟ್ ತಾನೂ ಒಂದು ಸುತ್ತು ಬಂದು, 'ಖುದ್ದಾಗಿ ನೋಡಿ ಒಪ್ಪಿಕೊಂಡಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ಅಲ್ಲಿಂದ ವಿಮಾನದ ಜವಾಬ್ದಾರಿ ಪೈಲಟ್‌ನದು. ಇಳಿದು ಬಂದು, ಏನು ತೊಂದರೆ ಕಂಡಿತು, ಏನು ಕಾಣಲಿಲ್ಲ ಎಂದು ಅವನು ಬರೆದುಕೊಟ್ಟ ಮೇಲೆಯೇ ಅದು ಮತ್ತೆ ಎಂಜಿನಿಯರ್ ಕೈಗೆ ಬರುವುದು.

ಕಂಪನಿಯ ಪೈಲಟ್ ಕ್ಯಾಪ್ಟನ್ ಭೋಜರಾಜ ಮೈಸೂರಿನವರು, ಒಳ್ಳೆಯ ಮನುಷ್ಯ. ಆದರೆ ಕ್ರಿಕೆಟ್ ಸ್ಕೋರ್ ಹೇಳುತ್ತ ಹೇಳುತ್ತಲೇ, ವಿಮಾನದ ಕಡೆ ತಿರುಗಿಯೂ ನೋಡದೆ, ರೆಕ್ಕೆಯ ಮೇಲೆ ಪುಸ್ತಕ ಇಟ್ಟು ಗೀಚಿಬಿಡುತ್ತಿದ್ದರು.

"ಒಂದು ಸುತ್ತು ಬನ್ನಿ ಸಾರ್," ಎಂದು ವಿಶ್ವನಾಥ ದಿನವೂ ಕೇಳಿಕೊಳ್ಳುತ್ತಿದ್ದ.

"ನೀವು ನೋಡಿದ್ದೀರಲ್ರೀ. ನಿಮ್ಮ ಮೇಲೆ ನಂಬಿಕೆ ಇಲ್ವೇನು ನನಗೆ?"

ಆ ನಂಬಿಕೆ ವಿಶ್ವನಾಥನಿಗೆ ಅವಮಾನದ ಹಾಗೆ ಚುಚ್ಚುತ್ತಿತ್ತು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಮ್ಯಾನೇಜರ್ ನಾಗರಾಜ ಒಂದು ಟಿವಿ ಧಾರಾವಾಹಿಯವರಿಗೆ ಚಿತ್ರೀಕರಣಕ್ಕೆಂದು ಆ ವಿಮಾನವನ್ನು ಒಂದು ಬೆಳಗಿನ ಮಟ್ಟಿಗೆ ಬಿಟ್ಟುಕೊಟ್ಟರು. ಎಂಜಿನ್ ಚಾಲೂ ಮಾಡುವಂತಿಲ್ಲ, ನಿಂತ ವಿಮಾನದಲ್ಲಿ ನಟ ಕುಳಿತರೆ ಸಾಕು ಎಂದು ಮಾತಾಗಿತ್ತು. ಕ್ಯಾಪ್ಟನ್ ಪಾತ್ರಕ್ಕೆ ಬಂದವರು ಪ್ರತಾಪ್. ತುಮಕೂರಿನವರು. ಕೋಡಂಬಾಕ್ಕಂನಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿ ಬಂದು ಅಲ್ಲೇ ಉಳಿದವರು. ಡಾಕ್ಟರು, ಜಡ್ಜು, ಪೊಲೀಸ್ ಕಮಿಷನರು, ಹೀಗೆ ಕಥೆಯಲ್ಲಿ ಒಮ್ಮೆ ಬಂದು ಗಂಭೀರವಾಗಿ ಎರಡು ಮಾತಾಡಿ ಹೋಗುವ ಪಾತ್ರಗಳಲ್ಲೇ ತಲೆ ನರೆತಿತ್ತು.

ವಿಶ್ವನಾಥ ಎಂದಿನಂತೆ ಪರೀಕ್ಷೆ ಮುಗಿಸಿ, ಸಹಿ ಹಾಕಿ, ಪುಸ್ತಕವನ್ನು ಪೈಲಟ್ ಸೀಟಿನ ಮೇಲಿಟ್ಟು ಟೀ ಕುಡಿಯಲು ಹೋದ. ಅಷ್ಟರಲ್ಲಿ ನಿರ್ದೇಶಕನಿಗೆ ಪೈಲಟ್ ಏನೋ ಬರೆಯುವ ಹಾಗೆ ಒಂದು ಶಾಟ್ ಬೇಕೆನ್ನಿಸಿತು. ಎದುರಿಗೇ ಪುಸ್ತಕವಿತ್ತು. "ಸುಮ್ಮಾ ಏದಾವದು ಎಳುದುಂಗ ಸಾರ್," ಸುಮ್ಮನೆ ಏನಾದರೂ ಬರೆಯಿರಿ ಎಂದ. ಸುಮ್ಮನೆ ಗೀಚುವುದು ಪ್ರತಾಪ್‌ಗೆ ಒಗ್ಗದು. ಖಾಲಿ ಇದ್ದ ಕಡೆಯೆಲ್ಲ ತುಂಬಿದರು. ಪೈಲಟ್: ಕ್ಯಾಪ್ಟನ್ ಪ್ರತಾಪ್. ಹೊರಟ ಸಮಯ, ಆಗಿನ ಗಂಟೆ. ಹೋಗುವ ಊರು, ಸಿಂಗಪುರ. ಕೆಳಗೆ ದುಂಡಗೆ ಸಹಿ.

ಧಾರಾವಾಹಿಯವರು ಹೋದ ಮೇಲೆ ಭೋಜರಾಜ ಬಂದರು, ಪುಸ್ತಕ ತೆರೆದರು, ಹಾಗೇ ನಿಂತರು.

"ವಿಶ್ವನಾಥ್, ನನ್ನ ವಿಮಾನ ಸಿಂಗಪುರಕ್ಕೆ ಹೋಗಿದೆಯಲ್ರೀ!"

ವಿಶ್ವನಾಥ ಪುಸ್ತಕ ಕಸಿದು ನೋಡಿದ. ನಾಗರಾಜರು ಓಡಿ ಬಂದರು. ಅವರದು ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಮನೆತನ. "ಅಯ್ಯೋ, ಇದು ಒಣ್ಣುಂ ಇಲ್ಲಪ್ಪಾ, ಏನೂ ಅಲ್ಲ. ವೈಟ್ನರ್ ಹಚ್ಚು, ಸರಿಯಾಪೋಗುತ್ತೆ."

"ಪುಟಕ್ಕೆ ನಂಬರಿದೆ ಸಾರ್, ಹರಿಯೋ ಹಾಗಿಲ್ಲ. ಬರೆದವರು ಬಿಟ್ಟು ಬೇರೆಯವರು ಹೊಡೆದುಹಾಕೋ ಹಾಗೂ ಇಲ್ಲ," ಎಂದ ವಿಶ್ವನಾಥ.

"ಹಾಗಾದರೆ ಅದರ ಕೆಳಗೆ ನಾನು ಸಹಿ ಹಾಕಲ್ಲ," ಎಂದರು ಭೋಜರಾಜ. ಒಂದು ದಿನವೂ ವಿಮಾನದ ಸುತ್ತ ಬಾರದವರಿಗೆ ಕಾನೂನು ಹಠಾತ್ತನೆ ನೆನಪಾಗಿತ್ತು. "ವಿಮಾನ ಇನ್ನೊಬ್ಬ ಕ್ಯಾಪ್ಟನ್ ಕೈಲಿದೆ. ಅವನು ಇಳಿಸಲಿ."

ವಿಶ್ವನಾಥ ಮುಂಬಯಿಯ ಮುಖ್ಯ ಕಚೇರಿಗೆ ಫೋನ್ ಮಾಡಿದ. ದಾಖಲೆ ವಿಭಾಗದ ಗುಮಾಸ್ತ ತಾಳ್ಮೆಯಿಂದ ಕೇಳಿಸಿಕೊಂಡ.

"ವಿಮಾನ ಈಗ ಎಲ್ಲಿದೆ?"

"ನನ್ನ ಕಣ್ಣೆದುರಿಗೇ ನಿಂತಿದೆ."

"ಪುಸ್ತಕದಲ್ಲಿ ಎಲ್ಲಿದೆ?"

ವಿಶ್ವನಾಥ ಸುಳ್ಳು ಹೇಳುವವನಲ್ಲ. "ಸಿಂಗಪುರದ ದಾರಿಯಲ್ಲಿ."

"ಸರಿ. ಇಳಿದ ಮೇಲೆ ಫೋನ್ ಮಾಡಿ."

ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ವಿಶ್ವನಾಥ ಕೋಡಂಬಾಕ್ಕಂಗೆ ಹೊರಟ. ಸಿಂಗಪುರಕ್ಕೆ ಬೇಕಾದಷ್ಟು ಪೆಟ್ರೋಲ್ ಆ ವಿಮಾನ ಹಿಡಿಯುವುದೇ ಇಲ್ಲವಲ್ಲ, ಈ ಹೊತ್ತಿಗೆ ಲೆಕ್ಕದ ಪ್ರಕಾರ ಸಮುದ್ರದಲ್ಲಿ ಬಿದ್ದಿರಬೇಕು ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಾಗ ಅವನಿಗೆ ನಿಜಕ್ಕೂ ಬೆವರು ಬಂತು.

ಸ್ಟುಡಿಯೋದಲ್ಲಿ ಪ್ರತಾಪ್ ಅಷ್ಟರಲ್ಲಿ ಡಾಕ್ಟರಾಗಿದ್ದರು. ಕೊರಳಲ್ಲಿ ಸ್ಟೆತೊಸ್ಕೋಪು. ಕನ್ನಡ ಕೇಳಿ ಹಿಗ್ಗಿ ಕುರ್ಚಿ ಎಳೆದು ಕೂರಿಸಿದರು. ವಿಶ್ವನಾಥ ವಿಷಯ ಹೇಳಿ ಪುಸ್ತಕ ಮುಂದಿಟ್ಟ. "ಇಳಿದ ಸಮಯ ಬರೆದು, ತೊಂದರೆ ಏನೂ ಇಲ್ಲ ಅಂತ ಒಂದು ಸಹಿ ಹಾಕಿಬಿಡಿ ಸಾರ್. ಸಾಕು."

ಪ್ರತಾಪ್ ಕನ್ನಡಕ ಹಾಕಿಕೊಂಡು ಆ ಸಾಲು ಓದಿದರು. ಮುಖ ಇಳಿಯಿತು. "ಖುದ್ದಾಗಿ ನೋಡಿ ಒಪ್ಪಿಕೊಂಡಿದ್ದೇನೆ ಅಂತ ಇದೆ. ನಾನು ಎಲ್ಲಿ ನೋಡಿದೆ, ಸ್ವಾಮಿ?"

"ಪರವಾಗಿಲ್ಲ ಸಾರ್..."

"ಪರವಾಗಿಲ್ಲ ಅಂದ್ರೆ? ಇಷ್ಟು ವರ್ಷದಲ್ಲಿ ಎಷ್ಟು ಮರಣಪತ್ರ, ಎಷ್ಟು ಗಲ್ಲು ತೀರ್ಪಿಗೆ ಸಹಿ ಹಾಕಿದ್ದೀನಿ. ಒಂದೂ ನಿಜ ಅಲ್ಲ. ಇದೊಂದು ನಿಜ ಆಗಿಬಿಟ್ಟಿದೆ. ನೋಡದೆ ಇನ್ನೊಂದು ಸಲ ಹಾಕಲಾರೆ. ಬೆಳಿಗ್ಗೆ ಬರ್ತೀನಿ."

ಇಂಥ ಮಾತನ್ನು ಒಬ್ಬ ಪೈಲಟ್ ಬಾಯಲ್ಲಿ ಕೇಳಬೇಕೆಂದು ವಿಶ್ವನಾಥ ಇಡೀ ನೌಕರಿಯಲ್ಲಿ ಕಾದಿದ್ದ. ಕಡೆಗೆ ಕೇಳಿದ್ದು ಡಾಕ್ಟರ್ ವೇಷದವನ ಬಾಯಲ್ಲಿ. ಎದ್ದು ಕೈ ಮುಗಿದ.

ಮರುದಿನ ಪ್ರತಾಪ್ ಪೈಲಟ್ ಸಮವಸ್ತ್ರದಲ್ಲೇ ಬಂದರು. ಗೇಟಿನ ಕಾವಲುಗಾರ ಭೋಜರಾಜರಿಗೆ ಎಂದೂ ಹೊಡೆಯದಂಥ ಸಲ್ಯೂಟ್ ಹೊಡೆದ. ಪ್ರತಾಪ್ ಪ್ರತಿಯೊಂದನ್ನೂ ಮುಟ್ಟಿ ಕೇಳಿದರು. ಇದು ಯಾಕೆ ಅಲ್ಲಾಡುತ್ತೆ, ಅದು ಯಾಕೆ ಅಲ್ಲಾಡಲ್ಲ, ಚಕ್ರ ಮೂರೇ ಯಾಕೆ. ಭೋಜರಾಜ ದೂರದಲ್ಲಿ ನಿಂತು ನಗುತ್ತಿದ್ದರು. ವಿಶ್ವನಾಥ ಎಲ್ಲಕ್ಕೂ ಉತ್ತರ ಹೇಳುತ್ತ ಮದುಮಗನ ಹಾಗೆ ಅರಳಿದ್ದ.

ಮೂಗಿನ ಬಳಿ, ಎಂಜಿನ್‌ಗೆ ಗಾಳಿ ಹೋಗುವ ಕಿಂಡಿಯಲ್ಲಿ ಪ್ರತಾಪ್ ಬಗ್ಗಿ ನೋಡಿದರು. "ಇಲ್ಲಿ ಹುಲ್ಲು ತುಂಬೋದು ಯಾಕೆ? ಬೆಚ್ಚಗಿರಲಿ ಅಂತಾನಾ?"

ನಗು ನಿಂತಿತು. ವಿಶ್ವನಾಥ ಟಾರ್ಚ್ ಹಿಡಿದ. ಗೊರವಂಕ ಗೂಡು ಕಟ್ಟಿತ್ತು. ಹುಲ್ಲು, ದಾರ, ಚಿಂದಿ ಬಟ್ಟೆ, ಧಾರಾವಾಹಿಯವರು ಎಸೆದಿದ್ದ ಬಿಸ್ಕತ್ತಿನ ಕಾಗದ. ಹಾಗೇ ಹಾರಿದ್ದರೆ ಎಂಜಿನ್ ಕಾದು, ಹುಲ್ಲು ಹೊತ್ತಿಕೊಳ್ಳುತ್ತಿತ್ತು. ಬಿಸ್ಕತ್ತಿನ ಕಾಗದ ಕಂಡು ವಿಶ್ವನಾಥನಿಗೆ ಹೋದ ಉಸಿರು ಬಂತು. ಗೂಡು ಅವನ ಪರೀಕ್ಷೆಯ ನಂತರದ್ದು. ಪುಸ್ತಕದ ತಕರಾರಿನಲ್ಲಿ ವಿಮಾನ ಸುಮ್ಮನೆ ನಿಂತಿತ್ತಲ್ಲ, ಹಕ್ಕಿಗೆ ಅಷ್ಟೇ ಸಾಕಾಗಿತ್ತು.

ಪ್ರತಾಪ್ ಪುಸ್ತಕ ಕೇಳಿ ಪಡೆದು, ಇಳಿದ ಸಮಯ ಹಾಕಿ, ತೊಂದರೆಯ ಜಾಗದಲ್ಲಿ ಸ್ಪಷ್ಟ ಕನ್ನಡದಲ್ಲಿ ಬರೆದರು: 'ಮೂಗಿನಲ್ಲಿ ಗೂಡು ಇದೆ. ಮೊಟ್ಟೆ ಇಲ್ಲ.' ಸಹಿ ಹಾಕಿದರು. ವಿಶ್ವನಾಥ ಗೂಡು ತೆಗೆದು, ತೆಗೆದಿದ್ದೇನೆಂದು ಬರೆದು ಕೊಟ್ಟ. ಭೋಜರಾಜ ಪುಸ್ತಕ ಕೈಗೆ ತೆಗೆದುಕೊಳ್ಳದೆ, ಕೈಗಳನ್ನು ಹಿಂದೆ ಕಟ್ಟಿಕೊಂಡು ವಿಮಾನದ ಸುತ್ತ ಹೊರಟರು. ಕಿಂಡಿಯ ಬಳಿ ಬಹಳ ಹೊತ್ತು ನಿಂತಿದ್ದರು.

ಪುಸ್ತಕದ ಪ್ರತಿ ಮುಂಬಯಿಗೆ ಹೋಯಿತು. ಎಲ್ಲವನ್ನೂ ವಿವರಿಸಿ ವಿಶ್ವನಾಥ ಉದ್ದನೆಯ ಪತ್ರವನ್ನೂ ಲಗತ್ತಿಸಿದ್ದ. ಅದನ್ನು ಯಾರೂ ಓದಿದಂತಿಲ್ಲ. ಕ್ಯಾಪ್ಟನ್ ಪ್ರತಾಪ್ ಅವರ ವೈದ್ಯಕೀಯ ಪ್ರಮಾಣಪತ್ರ ಕಡತದಲ್ಲಿಲ್ಲ, ಕೂಡಲೇ ಸಲ್ಲಿಸತಕ್ಕದ್ದು ಎಂದು ನೇರವಾಗಿ ಪ್ರತಾಪ್ ಹೆಸರಿಗೇ ಕಾಗದ ಬಂತು. ವಿಶ್ವನಾಥನಿಗೆ ತಿಳಿಸದೆ ಪ್ರತಾಪ್ ನಿಜವಾದ ಡಾಕ್ಟರ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ರಕ್ತದೊತ್ತಡ ಮಿತಿಮೀರಿತ್ತು. ಆ ವರದಿಯನ್ನು ಇದ್ದದ್ದು ಇದ್ದ ಹಾಗೇ ಮುಂಬಯಿಗೆ ಕಳಿಸಿದರು.

ಒಂದು ಭಾನುವಾರ ಸಂಜೆ ಅಣ್ಣಾ ನಗರ್ ಮನೆಯ ಬಾಗಿಲಲ್ಲಿ ಪ್ರತಾಪ್ ನಿಂತಿದ್ದರು. ಕೈಯಲ್ಲಿ ಮುಂಬಯಿಯಿಂದ ಬಂದ ಲಕೋಟೆ. ಜಯಲಕ್ಷ್ಮೀ ಕಾಫಿ ತಂದಿಟ್ಟಳು. ಅವರು ಲೋಟ ಮುಟ್ಟಲಿಲ್ಲ.

"ನನ್ನನ್ನ ನಿಲ್ಲಿಸಿಬಿಟ್ಟರು, ವಿಶ್ವನಾಥ್. ಇನ್ನು ಹಾರೋ ಹಾಗಿಲ್ಲವಂತೆ."

ಜಯಲಕ್ಷ್ಮೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ವಿಶ್ವನಾಥ ನಗಲಿಲ್ಲ. ಆದೇಶವನ್ನು ಮೊದಲಿಂದ ಕೊನೆತನಕ ಓದಿ, ಮಡಿಸಿ, ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

"ಬೇಜಾರು ಮಾಡ್ಕೋಬೇಡಿ ಸಾರ್. ನೀವು ಒಪ್ಪಿಕೊಂಡ ವಿಮಾನ ಒಂದೂ ಬಿದ್ದಿಲ್ಲ. ಎಷ್ಟು ಜನ ಕ್ಯಾಪ್ಟನ್‌ಗಳಿಗೆ ಹಾಗೆ ಹೇಳಿಕೊಳ್ಳೋಕೆ ಆಗುತ್ತೆ?"

ಪ್ರತಾಪ್ ಅದನ್ನು ಲಕೋಟೆಯೊಳಗೆ ಇಟ್ಟರು. ಬೆನ್ನು ನೆಟ್ಟಗಾಯಿತು. "ಅದು ನಿಜ," ಎಂದು ಕಾಫಿಯ ಲೋಟ ಕೈಗೆತ್ತಿಕೊಂಡರು.