ಖಾರದಕ್ಕನ ಕೊನೆಯ ಗಿಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟಡದ ತಾರಸಿಯ ಮೇಲೆ ತುಕ್ಕು ಹಿಡಿದ ಎಣ್ಣೆಡಬ್ಬ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಹೆಂಗಸು ಮೆಣಸಿನ ಗಿಡದ ಮೊಗ್ಗಿಗೆ ಬಟ್ಟೆ ಕಟ್ಟುತ್ತಿದ್ದಾರೆ. ಹಳೇ ಸೀರೆಯಿಂದ ಹರಿದ ತೆಳುವಾದ ತುಂಡು ಅದು. ದಾರ ಬಿಗಿಯಾದರೆ ತೊಟ್ಟು ಮುರಿಯುತ್ತದೆ, ಸಡಿಲವಾದರೆ ಜೇನುನೊಣ ಒಳಗೆ ನುಗ್ಗುತ್ತದೆ.

"ಸ್ವಲ್ಪ ಆ ಕಡೆ ಹೋಗಿ, ಬೆಳಕಿಗೆ ಅಡ್ಡ ನಿಂತಿದೀರ," ಎಂದು ನನ್ನನ್ನು ಗದರುತ್ತಾರೆ. ಇವರ ಗಿಡದ ಕಥೆ ಬರೆದುಕೊಳ್ಳಲು ಬಂದ ನಾನು ಸರಿದು ನಿಲ್ಲುತ್ತೇನೆ.

ಇವರು ಇದೇ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವವರು. ನೀರಿನ ಟ್ಯಾಂಕಿನ ಪಕ್ಕದ ಒಂಟಿ ಕೋಣೆಯೇ ಮನೆ. ಎಲ್ಲರಿಗೂ ಇವರು ಖಾರದಕ್ಕ. ಒಂದು ಕಾಲಕ್ಕೆ ತಾರಸಿ ತುಂಬಾ ಇವರ ಮೆಣಸಿನ ಗಿಡಗಳಿದ್ದವು. ಕಿರುಬೆರಳಿನಷ್ಟು ಕಾಯಿ, ಕಚ್ಚಿದವರು ಕುಣಿಯಬೇಕು, ಹಾಗಿತ್ತಂತೆ. ಬೀಜ ಅವರ ಅತ್ತೆ ಕೊಟ್ಟಿದ್ದು.

ಗಂಡ ಪೇಂಟರ್. ಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ನಿಂತಿದ್ದ ಬೊಂಬಿನ ಸಾರುವೆ ಮುರಿದು ಬಿದ್ದರು. ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಮೂಗು ನಾಲಿಗೆ ಎರಡೂ ಹೋದವು. ವಾಸನೆಯಿಲ್ಲ, ರುಚಿಯಿಲ್ಲ. ನರ ಸತ್ತಿದೆ, ಇನ್ನು ವಾಪಸು ಬರುವುದಿಲ್ಲ ಎಂದರು ಡಾಕ್ಟರು.

"ಒದ್ದೆ ಕಾಗದ ಅಗಿದ ಹಾಗಿರತ್ತೆ ಊಟ," ಎನ್ನುತ್ತಾರೆ ಗೋಡೆಗೊರಗಿ ಕೂತ ಅವರು. ಅಂಗಿಯೊಳಗೆ ಮೈ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಸೊರಗಿದ್ದಾರೆ. "ಇವಳ ಕಾಯಿ ಕಚ್ಚಿದಾಗ ಮಾತ್ರ ಬಾಯಿ ನಂದೇ ಅನ್ಸೋದು. ಉರೀತಲ್ಲ, ಅದೊಂದು ಗೊತ್ತಾಗತ್ತೆ. ಆ ಉರೀಲಿ ನಾಲ್ಕು ತುತ್ತು ಒಳಗೆ ಹೋಗ್ತಿತ್ತು."

ಅಂಗಡಿಯ ಮೆಣಸಿನಕಾಯಿ, ಪುಡಿ ಎಲ್ಲ ತಂದು ನೋಡಿದ್ದಾರೆ. ಹೊಟ್ಟೆ ಉರಿಯಿತೇ ಹೊರತು ನಾಲಿಗೆಗೆ ತಾಗಲಿಲ್ಲ.

ಕೆಟ್ಟದ್ದು ಬಂದದ್ದು ಪ್ರೀತಿಯ ದಾರಿಯಲ್ಲೇ. ಕೆಳಮನೆಯ ಟೀಚರಮ್ಮ ದೊಣ್ಣೆ ಮೆಣಸಿನಕಾಯಿಯ ಕುಂಡವೊಂದನ್ನು ಕೊಟ್ಟರು. ಚೆಂದದ ಗಿಡ ಎಂದು ಇವರು ಅದನ್ನು ತಮ್ಮ ಗಿಡಗಳ ನಡುವೆಯೇ ಇಟ್ಟರು. ಜೇನುನೊಣಗಳು ಆ ಸಪ್ಪೆ ಗಿಡದ ಪರಾಗವನ್ನು ಇವರ ಹೂಗಳಿಗೂ ತಂದು ಹಾಕಿದವು. ಆ ಬೆಳೆಯ ಬೀಜದ ಗಿಡಗಳಲ್ಲಿ ಖಾರ ಕೊಂಚ ಇಳಿದಿತ್ತು. ಬಿಸಿಲು ಸಾಲಲಿಲ್ಲವೇನೋ ಎಂದುಕೊಂಡು ಇವರು ಮತ್ತೆ ಅವುಗಳದ್ದೇ ಬೀಜ ಬಿತ್ತಿದರು.

"ಈ ಸಲ ಕಾಯಿ ಏನು ಹೊಳಪು ಅಂತೀರ! ಕಚ್ಚಿದ್ರೆ ಸಪ್ಪೆ. ಒಂದಲ್ಲ ಒಂದು ಖಾರ ಇರತ್ತೆ ಅಂತ ಪ್ರತಿ ಗಿಡದ್ದೂ ಕಚ್ಚಿ ನೋಡ್ದೆ. ಅಲ್ಲೊಂದು ಇಲ್ಲೊಂದು ಚುರ್ ಅಂತು, ಅಷ್ಟೇ. ಎಲ್ಲಾ ಕಿತ್ತು ಬಿಸಾಕ್ದೆ. ನನ್ನ ಕೈಯಾರೆ ನಾನೇ ಹಾಳು ಮಾಡ್ಕೊಂಡೆ."

ಹಳೆಯ ನಿಜವಾದ ಕಾಯಿಗಳು ಜಾಡಿಯಲ್ಲಿವೆ. ಅವನ್ನು ಬಿತ್ತಬಹುದಲ್ಲ ಎಂದೆ, ಬುದ್ಧಿವಂತನ ಹಾಗೆ. ಅವರು ನಕ್ಕ ರೀತಿಗೆ ನನಗೆ ನಾಚಿಕೆಯಾಯಿತು. ಹುಳ ಹಿಡಿಯದಿರಲೆಂದು ಅವರು ಒಣಗಿದ ಕಾಯನ್ನು ಬಾಣಲೆಯಲ್ಲಿ ಹುರಿದೇ ಜಾಡಿಗೆ ತುಂಬುವುದು. ಹುರಿದ ಬೀಜ ಮೊಳೆಯುತ್ತದೆಯೇ? ಆದರೂ ಬಿತ್ತಿ ಕಾದು ನೋಡಿದ್ದಾರೆ. ಮಣ್ಣು ಮಿಸುಕಲಿಲ್ಲ.

ಉಳಿದಿರುವುದು ಇದೊಂದೇ, ಟೀಚರಮ್ಮನ ಕುಂಡ ಬರುವ ಮೊದಲಿನ ಗಿಡ. ಕಾಂಡ ಕಟ್ಟಿಗೆಯಾಗಿದೆ, ಎಲೆ ಮುರುಟಿದೆ. ಮೊಗ್ಗು ಬಿಡುತ್ತದೆ, ಉದುರುತ್ತದೆ. ಸುತ್ತಲಿನ ತಾರಸಿಗಳಲ್ಲಿ ಯಾರ ಮನೆಯ ಯಾವ ಗಿಡವಿದೆಯೋ ಎಂಬ ಭಯಕ್ಕೆ ಈ ಬಟ್ಟೆ. ಈವರೆಗೆ ನಿಂತದ್ದು ಒಂದೇ ಕಾಯಿ. ಅದಿನ್ನೂ ಹಸಿರು. ಗಿಡದಲ್ಲೇ ಕೆಂಪಾಗಿ ಹಣ್ಣಾದರೆ ಮಾತ್ರ ಬೀಜ ಬಲಿಯುತ್ತದೆ. ಅಷ್ಟು ದಿನ ಗಿಡಕ್ಕೆ ಜೀವವಿರುತ್ತದೋ ಇಲ್ಲವೋ, ಅವರಿಗೂ ಗೊತ್ತಿಲ್ಲ.

ಕೋಣೆಯಲ್ಲಿ ಊಟಕ್ಕೆ ಕೂತಾಗ ಖಾರದಕ್ಕ ಜಾಡಿಯ ತಳಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದು ತಟ್ಟೆಗಿಡುತ್ತಾರೆ. ಗಂಡ ನಿಧಾನವಾಗಿ ಅಗಿಯುತ್ತಾರೆ. ಕಣ್ಣಲ್ಲಿ ನೀರಿಲ್ಲ.

"ಇದೂ ಹಳೇದಾಯ್ತು ಕಣೇ. ತಾಗ್ತಾ ಇಲ್ಲ," ಎಂದು ತಟ್ಟೆ ಸರಿಸುತ್ತಾರೆ.

"ಗಿಡದಲ್ಲಿರೋದನ್ನ ಹಸೀದೇ ಕಿತ್ಕೊಂಡು ಬರ್ಲಾ? ಒಂದ್ಹೊತ್ತಾದ್ರೂ ತಿನ್ನಿ."

"ಮುಟ್ಟಬೇಡ ಅದನ್ನ. ಬೀಜಕ್ಕಿರ್ಲಿ."

ಗಂಡ ಎದ್ದು ಹೋಗಿ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಖಾರದಕ್ಕ ಉಳಿದ ಊಟಕ್ಕೆ ತಟ್ಟೆ ಮುಚ್ಚಿ, ಪೊರಕೆ ಬಕೆಟ್ಟು ಹಿಡಿದು ಮೆಟ್ಟಿಲಿಗೆ ಬರುತ್ತಾರೆ. ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಕೇಳಬಾರದಿತ್ತು.

"ಮುಂಚೆ ದಿನಾ ಬೈತಿದ್ರು, 'ಸಾಯ್ಸೋಕೆ ಹಾಕ್ತೀಯೇನೇ ಇಷ್ಟು ಖಾರ, ನೀರು ಕೊಡೇ' ಅಂತ. ನಾನು ಬೇಕಂತಲೇ ನೀರು ತಡವಾಗಿ ಕೊಡ್ತಿದ್ದೆ," ಎಂದು ಒರೆಸುವ ಬಟ್ಟೆ ಹಿಂಡುತ್ತಾರೆ. "ಇನ್ನೊಂದ್ಸಲ ಹಾಗೆ ಬೈಸ್ಕೋಬೇಕು. ತಕ್ಷಣ ನೀರು ಕೊಡ್ತೀನಿ."